ಅಪ್ಪನಿಗೆ ಮಾತು ಕೇಳಿಸುತ್ತದೆ, ತಾರೀಕು ಕೇಳಿಸುವುದಿಲ್ಲ. ಯಾಕೆ?

ಅಡಿಕೆತೋಟ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ಒಂದು ಪ್ರಶ್ನೆ. ನಮ್ಮಪ್ಪನಿಗೆ 74 ವರ್ಷ. ಊರು ಸಾಗರದ ಹತ್ತಿರ. ಸಂಜೆ ಜಗಲಿಯಲ್ಲಿ ಕೂತರೆ ಅಡಿಕೆಯ ಕೊಳೆರೋಗದಿಂದ ಹಿಡಿದು ರಾಜಕೀಯದವರೆಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಅವರ ಕಿವಿ ಮಂದ ಅಂತ ಯಾರಿಗೂ ಅನ್ನಿಸುವುದಿಲ್ಲ.

ಫೋನ್ ಬಂದರೆ ಮಾತ್ರ ಕಥೆಯೇ ಬೇರೆ. ಹೋದ ತಿಂಗಳು ಅತ್ತೆ ಫೋನ್ ಮಾಡಿ "ಕೊನೆಗೌಡ ಹದಿನೇಳಕ್ಕೆ ಬರ್ತಾನಂತೆ ಅಣ್ಣ" ಅಂದರು (ಕೊನೆಗೌಡ ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು). ಅಪ್ಪ ಕ್ಯಾಲೆಂಡರಲ್ಲಿ ಹದಿನೆಂಟಕ್ಕೆ ಗುರುತು ಹಾಕಿದರು. ಹದಿನೇಳಕ್ಕೆ ನಾವೆಲ್ಲ ಮದುವೆಗೆ ಹೋಗಿದ್ದೆವು. ಅವನು ಬಂದು, ಬೀಗ ನೋಡಿ, ವಾಪಸ್ ಹೋದ. ಮತ್ತೆ ಸಿಕ್ಕಿದ್ದು ಹನ್ನೆರಡು ದಿನದ ಮೇಲೆ. ಕೊನೆ ಕೊಯ್ಯುವವರು ಸಿಗುವುದು ಈಗ ಎಷ್ಟು ಕಷ್ಟ ಅಂತ ತೋಟ ಇರುವವರಿಗೆ ಗೊತ್ತು.

ಸಿಟ್ಟಲ್ಲಿ ನಾನು "ಕೇಳಿಸದಿದ್ದರೆ ಇನ್ನೊಂದು ಸಲ ಕೇಳಬಾರದಾ" ಅಂದುಬಿಟ್ಟೆ. ಅಪ್ಪ "ಸರಿಯಾಗೇ ಕೇಳಿಸಿದೆ, ಅವಳು ಹದಿನೆಂಟು ಅಂತಲೇ ಅಂದದ್ದು" ಅಂದರು. ಫೋನಲ್ಲಿ ಕಾಲ್ ರೆಕಾರ್ಡ್ ಆಗಿತ್ತು, ಹಾಕಿದೆ. ಆಗಲೂ "ನೋಡು, ಹದಿನೆಂಟು" ಅಂದರು. "ಅಲ್ಲಪ್ಪ, ಹದಿನೇಳು ಅಂತಿದ್ದಾರೆ" ಅಂತ ಹೇಳಿ ಮತ್ತೆ ಹಾಕಿದೆ. ಆಗ "ಹೌದು, ಏಳು" ಅಂದರು. ಆಮೇಲೆ ಮಾತಾಡಲಿಲ್ಲ, ರಾತ್ರಿ ಊಟಕ್ಕೂ ಏಳಲಿಲ್ಲ. ಆ ಮುಖ ಮರೆಯಲು ಆಗುತ್ತಿಲ್ಲ.

ಒಂದು ಗಂಟೆಯ ಹರಟೆ ಕೇಳಿಸುವವರಿಗೆ ಒಂದು ತಾರೀಕು ಯಾಕೆ ಕೇಳಿಸುವುದಿಲ್ಲ? ಇದು ಕಿವಿಯ ತೊಂದರೆಯಾ, ಮರೆವಾ, ಹಟವಾ?

ಹಳೇಮೇಷ್ಟ್ರು

ಹಟ ಅಲ್ಲ ಮಾರಾಯರೇ. ನನಗೂ 70 ದಾಟಿದೆ. ತಪ್ಪು ಕೇಳಿಸಿದಾಗ ಅದು ಅಸ್ಪಷ್ಟವಾಗಿ ಕೇಳಿಸುವುದಿಲ್ಲ, ಸ್ಪಷ್ಟವಾಗಿಯೇ ಕೇಳಿಸುತ್ತದೆ. ಹಾಗಾಗಿ ಮತ್ತೊಮ್ಮೆ ಕೇಳಬೇಕು ಅಂತ ಹೊಳೆಯುವುದೇ ಇಲ್ಲ. ಅಪ್ಪನ ಹತ್ತಿರ ಹೋಗಿ ಎರಡು ಒಳ್ಳೆಯ ಮಾತಾಡಿ.

ಶ್ರವಣಮಿತ್ರ

ನಾನು ಕಿವಿ ಪರೀಕ್ಷೆಯ ಕೆಲಸದಲ್ಲಿರುವವಳು. ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಅಡಿಕೆತೋಟದವರೇ, ನಿಮ್ಮ ಪೋಸ್ಟಿನ ಒಂದು ಸಾಲಿಗೆ ನಾನು ನಿಂತುಬಿಟ್ಟೆ. ಮೊದಲ ಸಲ ರೆಕಾರ್ಡ್ ಹಾಕಿದಾಗ ಹದಿನೆಂಟು ಕೇಳಿಸಿತು. ನೀವು ಹದಿನೇಳು ಅಂದ ಮೇಲೆ ಹದಿನೇಳು ಕೇಳಿಸಿತು. ದನಿ ಅದೇ, ಫೋನೂ ಅದೇ. ಬದಲಾಗಿದ್ದು ಅವರ ನಿರೀಕ್ಷೆ ಮಾತ್ರ.

ಕಿವಿಗೆ ಬಿದ್ದದ್ದೆಲ್ಲ ಹಾಗೆ ಹಾಗೇ ಒಳಗೆ ಹೋಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಮಿದುಳು ಸುಮ್ನೆ ಕೂತಿರುವುದಿಲ್ಲ. ಇಷ್ಟು ಕೇಳಿಸಿದೆ, ಮುಂದೆ ಇದು ಬರಬಹುದು ಅಂತ ಲೆಕ್ಕ ಹಾಕುತ್ತಲೇ ಇರುತ್ತದೆ. ಕಿವಿಯಿಂದ ಬಂದದ್ದು ಸಾಲದೆ ಹೋದರೆ ಆ ಲೆಕ್ಕದಿಂದ ತುಂಬಿಸಿಕೊಳ್ಳುತ್ತದೆ. 1970ರಲ್ಲಿ ರಿಚರ್ಡ್ ವಾರೆನ್ ಅನ್ನುವ ಅಮೆರಿಕದ ವಿಜ್ಞಾನಿ ಇದನ್ನು ಚೆಂದವಾಗಿ ತೋರಿಸಿದರು. ಒಂದು ಇಂಗ್ಲಿಷ್ ವಾಕ್ಯದ ರೆಕಾರ್ಡಿಂಗಿನಲ್ಲಿ ಒಂದೇ ಒಂದು 'ಸ್' ದನಿಯನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಕೆಮ್ಮು ಅಂಟಿಸಿದರು. 20 ಜನರಿಗೆ ಕೇಳಿಸಿದರು. 19 ಜನ ಯಾವ ದನಿಯೂ ಬಿಟ್ಟುಹೋಗಿಲ್ಲ ಅಂದರು. ಉಳಿದ ಒಬ್ಬರು ಬಿಟ್ಟುಹೋಗಿದೆ ಅಂದರೂ ತೋರಿಸಿದ್ದು ಬೇರೆ ಜಾಗ! ಕೆಮ್ಮು ಯಾವ ಅಕ್ಷರದ ಮೇಲೆ ಬಂತು ಅಂತ ಕೂಡ ಜನರಿಗೆ ಸರಿಯಾಗಿ ಹೇಳಲು ಆಗಲಿಲ್ಲ. ನಮ್ಮ ಮನೆಗಳಲ್ಲಿ ಕುಕ್ಕರ್ ಕೂಗುವಾಗ ಯಾರಾದರೂ "ಊಟಕ್ಕೆ ಬಾ" ಅಂದರೆ 'ಬಾ' ಸೀಟಿಯಲ್ಲಿ ಮುಚ್ಚಿಹೋಗಿದ್ದರೂ ಕೇಳಿಸಿದಂತೆಯೇ ಇರುತ್ತದಲ್ವಾ, ಅದೇ ಇದು.

ಈಗ ಅಪ್ಪನ ವಿಷಯ. ವಯಸ್ಸಾದಾಗ ಸಾಮಾನ್ಯವಾಗಿ ಮೊದಲು ಹೋಗುವುದು ಕೀರಲು ದನಿಗಳನ್ನು ಹಿಡಿಯುವ ಶಕ್ತಿ. ಸ, ಶ, ತ, ಕ, ಪ ಇಂಥ ವ್ಯಂಜನಗಳು ತೆಳು, ಅವೇ ಮೊದಲು ಮಸುಕಾಗುತ್ತವೆ. ಆ, ಈ, ಊ ಸ್ವರಗಳು ಗಟ್ಟಿ, ಅವು ಉಳಿಯುತ್ತವೆ. ಹಾಗಾಗಿ ದನಿ ಕೇಳಿಸುತ್ತದೆ, ಮಾತು ಬಿಡಿಸಿಕೊಳ್ಳುವುದಿಲ್ಲ. ಇದರ ಮೇಲೆ ಫೋನ್ ಬೇರೆ. ಹಳೆಯ ಫೋನ್ ಲೈನು ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿ ಮಾತ್ರ (ದನಿ ಎಷ್ಟು ಕೀರಲು ಅನ್ನುವ ಅಳತೆ ಇದು, ಅಂಕಿ ಜಾಸ್ತಿಯಾದಷ್ಟೂ ಕೀರಲು). 'ಸ'ದ ಜೀವ ಇರುವುದೇ 4000ದ ಆಚೆ. ಜೊತೆಗೆ ಜಗಲಿಯಲ್ಲಿ ಎದುರಿನವರ ತುಟಿ ಕಾಣುತ್ತದೆ, ಫೋನಲ್ಲಿ ಕಾಣುವುದಿಲ್ಲ. ಕಣ್ಣೂ ಮಾತು ಕೇಳುತ್ತದೆ. 1976ರಲ್ಲಿ ಮಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಅನ್ನುವವರು, ಬಾಯಿ 'ಗ' ಅನ್ನುವ ಚಿತ್ರಕ್ಕೆ 'ಬ' ದನಿ ಜೋಡಿಸಿದರೆ ಜನರಿಗೆ 'ದ' ಕೇಳಿಸುತ್ತದೆ ಅಂತ ತೋರಿಸಿದರು.

ಈಗ ಅತ್ತೆ ಹೇಳಿದ ತಾರೀಕನ್ನೇ ಸ್ವಲ್ಪ ಬಿಡಿಸಿ ನೋಡಿ. "ಮಳೆ ಜಾಸ್ತಿಯಾಗಿ ಕೊಳೆ ಬಂದು ಅಡಿಕೆಯೆಲ್ಲ ಉದುರಿ" ಅನ್ನುವಷ್ಟು ಕೇಳಿಸಿದರೆ 'ಹೋಯ್ತು' ಕೇಳಿಸದಿದ್ದರೂ ನಡೆಯುತ್ತದೆ. "ಕೊನೆಗೌಡ ಹದಿ" ಅಂದ ಮೇಲೆ ಏನು ಊಹಿಸುತ್ತೀರಿ? ಹದಿಮೂರರಿಂದ ಹದಿನೆಂಟರ ತನಕ ಯಾವುದೂ ಬರಬಹುದು. ಹದಿನೇಳಕ್ಕೆ, ಹದಿನೆಂಟಕ್ಕೆ ಎರಡನ್ನೂ ನಿಧಾನವಾಗಿ ಹೇಳಿಕೊಳ್ಳಿ. 'ಹದಿನ್' ಎರಡಕ್ಕೂ ಒಂದೇ. 'ಅಕ್ಕೆ' ಎರಡಕ್ಕೂ ಒಂದೇ. ನಡುವೆ ಏ, ಎ ಉದ್ದ ಗಿಡ್ಡದ ವ್ಯತ್ಯಾಸ, ಆಮೇಲೆ 'ಳ' ಮತ್ತು 'ಂಟ'. ಕಣ್ಣು ಮಿಟುಕಿಸುವಷ್ಟು ಹೊತ್ತು. ವಾಕ್ಯ ಅಲ್ಲಿ ಏನೂ ಸಹಾಯ ಮಾಡುವುದಿಲ್ಲ. ತಾರೀಕು, ಹೆಸರು, ದುಡ್ಡಿನ ಅಂಕಿ ಇವೆಲ್ಲ ಊಹೆಗೆ ಸಿಗದ ಮಾತುಗಳು. ಅದಕ್ಕೇ ಅಪ್ಪ ಬೀಳುವುದು ಅಲ್ಲೇ.

ಒಂದು ವಿಷಯ ಕೇಳಬೇಕು. 17ಕ್ಕೆ ಮದುವೆ ಇದೆ ಅಂತ ಅವರಿಗೆ ಮೊದಲೇ ಗೊತ್ತಿತ್ತಾ?

ಅಡಿಕೆತೋಟ

ಗೊತ್ತಿತ್ತು ಮೇಡಂ. "ಹದಿನೇಳೊಂದು ಬಿಟ್ಟು ಯಾವತ್ತು ಬಂದರೂ ಆಯ್ತು" ಅಂತ ಅತ್ತೆಗೆ ಅವರೇ ಹಿಂದಿನ ವಾರ ಹೇಳಿದ್ದರು.

ಶ್ರವಣಮಿತ್ರ

ಹಾಗಾದರೆ ಗಂಟು ಬಿಚ್ಚಿತು. ಅವರ ಮನಸ್ಸಿನಲ್ಲಿ ಹದಿನೇಳು ಬರುವ ಹಾಗೇ ಇರಲಿಲ್ಲ. ಕಿವಿಯಿಂದ ಮಸುಕು ದನಿ ಬಂತು, ಊಹೆ ಅದನ್ನು ಪಕ್ಕದ ಮನೆಗೆ ಸೇರಿಸಿತು. 2012ರಲ್ಲಿ ಇದರ ಮೇಲೆಯೇ ಒಂದು ಅಧ್ಯಯನ ಬಂತು. ಸಂದರ್ಭ ತಪ್ಪು ದಾರಿ ತೋರಿಸಿದಾಗ ಯುವಕರಿಗಿಂತ ವಯಸ್ಸಾದವರೇ ಜಾಸ್ತಿ ತಪ್ಪು ಕೇಳಿಸಿಕೊಂಡರು. ಅಷ್ಟೇ ಅಲ್ಲ, ಸರಿಯಾಗಿ ಕೇಳಿಸಿತು ಅನ್ನುವ ಭರವಸೆಯೂ ಅವರಿಗೆ ಜಾಸ್ತಿ ಇತ್ತು. ನಿಮ್ಮಪ್ಪ ಸುಳ್ಳು ಹೇಳಲಿಲ್ಲ, ಹಟ ಮಾಡಲಿಲ್ಲ. ಅವರಿಗೆ ಕೇಳಿಸಿದ್ದು ಹದಿನೆಂಟೇ. ಇದನ್ನು ದಯವಿಟ್ಟು ಅವರಿಗೆ ಹೇಳಿ.

ಭಾಷೆಹುಚ್ಚು

ಈ ಊಹೆ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಸೇರಿಸುತ್ತೇನೆ. ನನಗೆ ಇಡೀ ವಿಷಯದಲ್ಲಿ ಜಾಸ್ತಿ ಇಷ್ಟವಾಗುವ ಭಾಗ ಇದು.

ಬರೆಯುವಾಗ ಪದಗಳ ನಡುವೆ ಜಾಗ ಬಿಡುತ್ತೇವೆ. ಮಾತಾಡುವಾಗ ಬಿಡುವುದಿಲ್ಲ. "ಬಂದ್ಬಿಟ್ಟಿದ್ದಾನಂತೆ" ಅನ್ನುವುದರಲ್ಲಿ ಬಂದು, ಬಿಟ್ಟು, ಇದ್ದಾನೆ, ಅಂತೆ ನಾಲ್ಕೂ ಒಂದೇ ಉಸಿರು. ಹಾಗಾದರೆ ಎಂಟು ತಿಂಗಳ ಕೂಸಿಗೆ ಪದ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಹೇಗೆ ಗೊತ್ತಾಗಬೇಕು? ಯಾರೂ ಹೇಳಿಕೊಡುವುದಿಲ್ಲ.

1996ರಲ್ಲಿ ಜೆನ್ನಿ ಸಾಫ್ರಾನ್, ರಿಚರ್ಡ್ ಆಸ್ಲಿನ್, ಎಲಿಸ್ಸಾ ನ್ಯೂಪೋರ್ಟ್ ಮೂವರೂ ಸೇರಿ ಇದನ್ನು ಪರೀಕ್ಷಿಸಿದರು. ಪಬಿಕು, ಟಿಬುಡೊ, ಗೊಲಾಟು, ಡರೋಪಿ ಅಂತ ಅರ್ಥವಿಲ್ಲದ ನಾಲ್ಕು ಪದ ಕಟ್ಟಿದರು. ಕಂಪ್ಯೂಟರ್ ದನಿಯಲ್ಲಿ, ಏರಿಳಿತ ಇಲ್ಲದೆ, ಎಲ್ಲೂ ನಿಲ್ಲಿಸದೆ ಎರಡೇ ನಿಮಿಷ ಎಂಟು ತಿಂಗಳ ಮಕ್ಕಳಿಗೆ ಕೇಳಿಸಿದರು. ಈ ಹರಿವಿನಲ್ಲಿ 'ಪ' ಆದ ಮೇಲೆ ಯಾವಾಗಲೂ 'ಬಿ' ಬರುತ್ತದೆ, 'ಬಿ' ಆದ ಮೇಲೆ ಯಾವಾಗಲೂ 'ಕು'. 'ಕು' ಆದ ಮೇಲೆ ಮಾತ್ರ ಉಳಿದ ಮೂರು ಪದಗಳಲ್ಲಿ ಯಾವುದೂ ಶುರುವಾಗಬಹುದು. ಪದದ ಗಡಿಗೆ ಇದ್ದ ಸುಳಿವು ಅದೊಂದೇ. ಆಮೇಲೆ ಇದೇ ಪದಗಳನ್ನೂ, ಗಡಿ ದಾಟಿ ಕತ್ತರಿಸಿದ ತುಂಡುಗಳನ್ನೂ ಕೇಳಿಸಿದರೆ ಮಕ್ಕಳು ತುಂಡುಗಳ ಕಡೆಗೇ ಜಾಸ್ತಿ ಹೊತ್ತು ಕಿವಿಗೊಟ್ಟರು. ಪದಗಳು ಅಷ್ಟರಲ್ಲೇ ಹಳತಾಗಿದ್ದವು, ತುಂಡುಗಳು ಹೊಸತು. ಎರಡು ನಿಮಿಷದಲ್ಲಿ!

ಕನ್ನಡದ ಮನೆಗೆ ತಂದು ನೋಡಿ. ದಿನವಿಡೀ ಮಗುವಿನ ಕಿವಿಗೆ ಬೀಳುವುದು "ಹಾಲ್ಕುಡಿ", "ಹಾಲ್ಬೇಕಾ", "ಹಾಲ್ಚೆಲ್ತು", "ಹಾಲ್ತಣ್ಣಗಿದೆ". 'ಹಾ' ಮತ್ತು 'ಲ್' ಜೊತೆ ಬಿಡುವುದಿಲ್ಲ. 'ಲ್' ಆದ ಮೇಲೆ ಬರುವುದು ಪ್ರತಿ ಸಲ ಬೇರೆ. ಆ ಸಡಿಲ ಇರುವಲ್ಲೇ ಪದದ ಅಂಚು. ವ್ಯಾಕರಣ ಗೊತ್ತಿಲ್ಲದ ಕೂಸು ಯಾವುದರ ಹಿಂದೆ ಯಾವುದು ಬರುತ್ತದೆ ಅನ್ನುವುದನ್ನು ಎಣಿಸಿಟ್ಟುಕೊಳ್ಳುತ್ತದೆ. ದೊಡ್ಡವರಾದರೂ ಆ ಎಣಿಕೆ ನಿಲ್ಲುವುದಿಲ್ಲ. ಅಡಿಕೆತೋಟದವರ ಅಪ್ಪನ ಹತ್ತಿರ 74 ವರ್ಷದ ಎಣಿಕೆ ಇದೆ. ಜಗಲಿಯ ಹರಟೆಯಲ್ಲಿ ಅವರನ್ನು ನಡೆಸುತ್ತಿರುವುದು ಅದೇ.

ಧಾರವಾಡದಾಂವ

ಓದಿ ಭಾಳ ಖುಷಿ ಆಯಿತು. ನಾನು ಮೊದಲು ಮಂಗಳೂರಿಗೆ ಕೆಲಸಕ್ಕೆ ಹೋದಾಗ ಅಲ್ಲಿಯವರ ಕನ್ನಡ ಹಿಡಿಯಲು ಒದ್ದಾಡಿದ್ದೆ. ನಾನು "ಊಟ ಮಾಡಾಕತ್ತೀನ್ರಿ" ಅಂದರೆ ಅವರೂ ಹಾಗೇ ಮುಖ ನೋಡುತ್ತಿದ್ದರು. ಒಂದು ವಾರ ಕಳೆಯುವುದರೊಳಗೆ ಇಬ್ಬರಿಗೂ ಸಲೀಸಾಯಿತು. ಯಾರೂ ಯಾರಿಗೂ ಪಾಠ ಹೇಳಲಿಲ್ಲ. ಇದೂ ಅದೇ ಎಣಿಕೆಯಾ?

ಭಾಷೆಹುಚ್ಚು

ಹೌದು ಅಣ್ಣಾ, ಅದೇ. ಹೊಸ ಧಾಟಿಗೆ ಕಿವಿ ಹೊಂದಿಕೊಳ್ಳಲು ವಾರವೂ ಬೇಕಿಲ್ಲ. 2004ರ ಒಂದು ಅಧ್ಯಯನದಲ್ಲಿ ಬೇರೆ ದೇಶದವರ ಧಾಟಿಯ ಇಂಗ್ಲಿಷ್ ಕೇಳಿಸಿದಾಗ ಅಮೆರಿಕದ ಜನ ಮೊದಲು ತಡವರಿಸಿದರು, ಒಂದು ನಿಮಿಷದೊಳಗೆ ಸುಧಾರಿಸಿಕೊಂಡರು. ನೆದರ್ಲೆಂಡ್ಸ್‌ನಲ್ಲಿ 2003ರಲ್ಲಿ 'ಫ್'ಗೂ 'ಸ್'ಗೂ ನಡುವಿನ, ಎರಡರಲ್ಲಿ ಯಾವುದು ಅಂತ ಹೇಳಲಾಗದ ಒಂದು ದನಿ ಮಾಡಿದರು. 'ಫ್' ಮಾತ್ರ ಹೊಂದುವ ಪದಗಳಲ್ಲಿ ಅದನ್ನು ಕೇಳಿದವರಿಗೆ ಆಮೇಲೆ ಅದು 'ಫ್' ಆಗಿಯೇ ಕೇಳಿಸತೊಡಗಿತು. 'ಸ್' ಪದಗಳಲ್ಲಿ ಕೇಳಿದವರಿಗೆ 'ಸ್'. ಇದಕ್ಕೆ ಇಪ್ಪತ್ತು ಪದ ಸಾಕಾಯಿತು. ಗೊತ್ತಿರುವ ಪದ ಗೊತ್ತಿಲ್ಲದ ದನಿಗೆ ಕೈಹಿಡಿದು ದಾರಿ ತೋರಿಸುತ್ತದೆ.

ಹಳೇಮೇಷ್ಟ್ರು

ಇದನ್ನು ಓದಿ ನನ್ನ ಉಕ್ತಲೇಖನದ ದಿನಗಳು ನೆನಪಾದವು. 'ಹಸು' ಅಂತ ಹೇಳಿದರೆ ಕೆಲವು ಮಕ್ಕಳು 'ಅಸು' ಬರೆಯುತ್ತಿದ್ದರು, 'ಆನೆ' ಅಂದರೆ 'ಹಾನೆ'. ಮೊದಮೊದಲು ಗದರುತ್ತಿದ್ದೆ. ಆ ಮಕ್ಕಳ ಮನೆಯ ಮಾತಿನಲ್ಲಿ ಹಕಾರ ಅಕಾರದ ಗೆರೆ ನಮ್ಮ ಪುಸ್ತಕದ ಗೆರೆಯ ಹಾಗೆ ಇಲ್ಲ. ಕಿವಿ ಮನೆಯಲ್ಲಿ ಕಲಿತದ್ದನ್ನು ಕೈ ಬರೆಯುತ್ತಿತ್ತು. ಗದರುವುದು ಬಿಟ್ಟು, ಎರಡೂ ಪದಗಳನ್ನು ಒಟ್ಟೊಟ್ಟಿಗೆ ಹೇಳಿಸಿ ಕೇಳಿಸತೊಡಗಿದ ಮೇಲೆ ತಪ್ಪು ಕಡಿಮೆಯಾಯಿತು. ಮೊದಲ ವರ್ಷಗಳ ಆ ಮಕ್ಕಳ ಹತ್ತಿರ ಈಗಲೂ ಕ್ಷಮೆ ಕೇಳಬೇಕು ಅನ್ನಿಸುತ್ತದೆ.

ಪ್ರಶ್ನೆ ಇದೆ

ಚರ್ಚೆ ಚೆನ್ನಾಗಿದೆ. ನನಗೆ ಒಂದು ಅನುಮಾನ. ಎಲ್ಲರೂ 'ಊಹೆ', 'ಮುಂಚೆಯೇ ಲೆಕ್ಕ' ಅನ್ನುತ್ತಿದ್ದೀರಿ. ಪೂರ್ತಿ ಕೇಳಿಸಿಕೊಂಡ ಮೇಲೆ ಹೊಂದಿಸಿಕೊಳ್ಳುತ್ತೇವೆ ಅಂತಲೂ ಹೇಳಬಹುದಲ್ಲ? ಕೆಮ್ಮಿನ ಪ್ರಯೋಗಕ್ಕೆ ಅಷ್ಟೇ ಸಾಕು. ಮುಂಚೆಯೇ ಊಹಿಸುತ್ತೇವೆ ಅನ್ನುವುದಕ್ಕೆ ಏನು ಸಾಕ್ಷಿ?

ಭಾಷೆಹುಚ್ಚು

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ. ನಿಮ್ಮ ಮಾತಿಗೆ ಬಲ ಕೊಡುವ ಪ್ರಯೋಗವೂ ವಾರೆನ್ ಅವರದ್ದೇ. ಒಂದು ಪದದ ಮೊದಲ ದನಿಯನ್ನು ಕೆಮ್ಮಿನಿಂದ ಮುಚ್ಚಿ, ಅದರ ಸುಳಿವನ್ನು ವಾಕ್ಯದ ಕೊನೆಯಲ್ಲಿ ಇಟ್ಟರು. ಕೊನೆಯಲ್ಲಿ ಕಿತ್ತಳೆ ಬಂದರೆ ಮುಚ್ಚಿದ ಪದ 'ಸಿಪ್ಪೆ' ಆಗಿ ಕೇಳಿಸಿತು, ಬೂಟು ಬಂದರೆ 'ಹಿಮ್ಮಡಿ' ಆಯಿತು. ಇಂಗ್ಲಿಷಲ್ಲಿ ಆ ಎರಡೂ ಪದ (ಪೀಲ್, ಹೀಲ್) ಪ್ರಾಸದವು, ಮೊದಲ ದನಿ ಮಾತ್ರ ಬೇರೆ. ಅಂದರೆ ಮಿದುಳು ಹಿಂದೆ ಹೋಗಿಯೂ ತಿದ್ದುತ್ತದೆ.

ಮುಂಚೆ ಊಹಿಸುವುದಕ್ಕೆ ಕಣ್ಣಿನ ಸಾಕ್ಷಿ ಇದೆ. 1999ರಲ್ಲಿ ಆಲ್ಟ್‌ಮನ್ ಮತ್ತು ಕಮಿಡೆ, ಒಬ್ಬ ಹುಡುಗ, ಒಂದು ಕೇಕು, ಕೆಲವು ಆಟಿಕೆ ಇರುವ ಚಿತ್ರ ತೋರಿಸಿ ವಾಕ್ಯ ಕೇಳಿಸಿದರು. ಇಂಗ್ಲಿಷಲ್ಲಿ ಕ್ರಿಯಾಪದ ಮೊದಲು ಬರುತ್ತದಲ್ಲ. 'ತಿನ್ನುತ್ತಾನೆ' ಅನ್ನುವ ಅರ್ಥದ ಪದ ಕೇಳಿದ ಕೂಡಲೇ, ಕೇಕು ಅನ್ನುವ ಮೊದಲೇ ಜನರ ಕಣ್ಣು ಕೇಕಿನ ಕಡೆ ಓಡಿತು.

ನಮ್ಮ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಹಾಗಾದರೆ ನಾವು ಕೊನೆಯ ತನಕ ಕಾಯುತ್ತೇವಾ? ಜಪಾನಿ ಭಾಷೆಯದ್ದೂ ಇದೇ ಕಟ್ಟು. 2003ರಲ್ಲಿ ಅದೇ ಕಮಿಡೆ ಮತ್ತು ಜೊತೆಗಾರರು ಜಪಾನಿಯಲ್ಲಿ ನೋಡಿದಾಗ, ಕ್ರಿಯಾಪದ ಬರುವ ಮೊದಲೇ ವಿಭಕ್ತಿಯ ಸುಳಿವಿನಿಂದ ಜನ ಮುಂದಿನದನ್ನು ನಿರೀಕ್ಷಿಸುತ್ತಿದ್ದರು. "ಅಜ್ಜಿ ಮೊಮ್ಮಗನಿಗೆ" ಅಂದು ನಿಲ್ಲಿಸಿ ನೋಡಿ. ಆ 'ಗೆ' ಕೇಳಿದ ಕ್ಷಣಕ್ಕೇ ಏನೋ ಕೊಡುತ್ತಾಳೆ, ಏನೋ ಹೇಳುತ್ತಾಳೆ ಅಂತ ಮನಸ್ಸು ಕೈಚಾಚುತ್ತದೆ. "ಅಜ್ಜಿ ಮೊಮ್ಮಗನನ್ನು" ಅಂದರೆ ಚಾಚುವುದು ಬೇರೆ ಕಡೆಗೆ.

ಆದರೆ ಊಹೆ ಎಷ್ಟು ಸೂಕ್ಷ್ಮ ಅನ್ನುವುದರಲ್ಲಿ ಜಗಳ ಮುಗಿದಿಲ್ಲ. ಮುಂದೆ ಬರುವ ಪದದ ಮೊದಲ ದನಿಯ ಮಟ್ಟಕ್ಕೂ ಓದುಗರು ಊಹಿಸುತ್ತಾರೆ ಅಂತ 2005ರಲ್ಲಿ ಒಂದು ಹೆಸರಾದ ಫಲಿತಾಂಶ ಬಂತು. 2018ರಲ್ಲಿ 9 ಪ್ರಯೋಗಾಲಯಗಳು ಸೇರಿ ಅದನ್ನೇ ಮಾಡಿದಾಗ ಆ ಭಾಗ ಸಿಗಲಿಲ್ಲ. ಹಾಗಾಗಿ ನಾನು ಹೇಳುವುದು ಇಷ್ಟು: ಅರ್ಥದ ಕಡೆಯಿಂದ ಮುಂಚೆ ಊಹಿಸುತ್ತೇವೆ, ಅದು ಗಟ್ಟಿ. ಅಕ್ಷರ ಅಕ್ಷರವನ್ನೂ ಊಹಿಸುತ್ತೇವೆ ಅನ್ನುವವರು ಇನ್ನಷ್ಟು ಸಾಕ್ಷಿ ಕೊಡಬೇಕು.

ಪ್ರಶ್ನೆ ಇದೆ

'ಮೊಮ್ಮಗನಿಗೆ' ಉದಾಹರಣೆ ಮನಸ್ಸಿಗೆ ಹತ್ತಿತು. ಇನ್ನೊಂದು ಹೊಳೆಯಿತು. 'ಕಾಫಿ' ಕೇಳಿ ಆದ ಮೇಲೆ 'ಗೀಫಿ' ಯಾರಿಗೂ ಹೊಸದಾಗಿ ಕೇಳಬೇಕಿಲ್ಲ. ನಮ್ಮ ಭಾಷೆಯೇ ಮುಂದಿನದನ್ನು ಕೈಗೆ ಕೊಟ್ಟಿರುತ್ತದೆ.

ಎಡಿಸನ್ ಅಮ್ಮ

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಮಗಳಿಗೆ ನಾಲ್ಕು ವರ್ಷ. ಕನ್ನಡ ಅರ್ಥವಾಗುತ್ತದೆ, ಆದರೆ 'ಬೆತ್ತ' 'ಬೆಟ್ಟ' ಎರಡನ್ನೂ ಒಂದೇ ಥರ ಹೇಳುತ್ತಾಳೆ. 'ಕತ್ತೆ' ಕೂಡ 'ಕಟ್ಟೆ'ಯ ಹತ್ತಿರ ಬರುತ್ತದೆ. ಟ್ಯಾಬಲ್ಲಿ ಕನ್ನಡ ಶಿಶುಗೀತೆ ಹಾಕಿಡುತ್ತೇನೆ. ತಡವಾಯಿತಾ ಅಂತ ಭಯ.

ಶ್ರವಣಮಿತ್ರ

ಭಯ ಬೇಡ. ನೀವು ಹೇಳಿದ್ದು ಈ ಕ್ಷೇತ್ರದ ಹೆಸರುವಾಸಿ ಪ್ರಯೋಗಕ್ಕೆ ತೀರಾ ಹತ್ತಿರ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್, ಹಿಂದಿಯ 'ಟ' 'ತ' ವ್ಯತ್ಯಾಸವನ್ನು ಇಂಗ್ಲಿಷ್ ಮನೆಯ ಮಕ್ಕಳಿಗೆ ಕೇಳಿಸಿದರು. ಆರರಿಂದ ಎಂಟು ತಿಂಗಳ ಮಕ್ಕಳು ಸಲೀಸಾಗಿ ಗುರುತಿಸಿದರು. ಹತ್ತು ಹನ್ನೆರಡು ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಅದು ಹೋಗಿತ್ತು. ಇಂಗ್ಲಿಷಿನ 'ಟ' ನಮ್ಮ ಎರಡರ ನಡುವೆ ಎಲ್ಲೋ ಇದೆ. ಸುತ್ತಲಿನ ಮಾತಿನಲ್ಲಿ ಆ ಗೆರೆಗೆ ಕೆಲಸ ಇಲ್ಲದಿದ್ದರೆ ಕಿವಿ ಅದನ್ನು ಕಾಯುವುದಿಲ್ಲ. ಆದರೆ ಮುಚ್ಚಿದ ಬಾಗಿಲಿಗೆ ಬೀಗ ಬಿದ್ದಿರುವುದಿಲ್ಲ. ನಿಮ್ಮ ಮಗಳಿಗೆ ಮನೆಯಲ್ಲಿ ಕನ್ನಡ ಕೇಳಿಸುತ್ತಲೇ ಇದೆ, ಆಡುವುದು ಕೇಳುವುದಕ್ಕಿಂತ ಹಿಂದೆ ಬೀಳುವುದೂ ಇದೆ.

ಟ್ಯಾಬಿನ ಬಗ್ಗೆ ಮಾತ್ರ ಹೇಳಲೇಬೇಕು. 2003ರಲ್ಲಿ ಪೆಟ್ರೀಷಿಯಾ ಕೂಲ್ ಅವರ ತಂಡ ಒಂಬತ್ತು ತಿಂಗಳ ಅಮೆರಿಕದ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಮಾತು ಕೇಳಿಸಿತು. ಎದುರು ಕೂತು ಆಡುತ್ತಾ ಮಾತಾಡಿದವರಿಂದ 12 ಭೇಟಿಗಳಲ್ಲಿ ಮಕ್ಕಳು ಆ ಭಾಷೆಯ ದನಿ ಕಲಿತರು. ಅದೇ ಜನರ, ಅದೇ ಮಾತಿನ ವಿಡಿಯೋ ನೋಡಿದ ಮಕ್ಕಳು ಕಲಿಯಲಿಲ್ಲ. ಎಣಿಕೆ ಯಂತ್ರದ ಹಾಗೆ ನಡೆಯುವುದಿಲ್ಲ, ಎದುರಿಗೆ ಒಂದು ಮುಖ ಬೇಕು. ಹಾಡು ಇರಲಿ, ಜೊತೆಗೆ ದಿನಕ್ಕೆ ಸ್ವಲ್ಪ ಹೊತ್ತು ಬೆಟ್ಟದ ಚಿತ್ರ, ಬೆತ್ತದ ಬುಟ್ಟಿ ಇಟ್ಟುಕೊಂಡು "ಬೆಟ್ಟ ಯಾವುದು, ಬೆತ್ತ ಯಾವುದು" ಅಂತ ನೀವೇ ಆಡಿ. ಅಜ್ಜಿ ಇದ್ದರೆ ವಿಡಿಯೋ ಕಾಲಲ್ಲಿ ಆಡಲಿ. ಎದುರು ಮಾತಾಡಿ ಉತ್ತರ ಕೊಡುವ ಅಂಥ ಕಾಲ್‌ನಿಂದ ಎರಡು ವರ್ಷದ ಮಕ್ಕಳೂ ಹೊಸ ಪದ ಕಲಿಯುತ್ತಾರೆ ಅಂತ 2014ರ ಅಧ್ಯಯನ ಹೇಳಿದೆ.

ಅಡಿಕೆತೋಟದವರಿಗೆ: ಅಪ್ಪನಿಗೆ ಒಂದು ಸಲ ಸರಿಯಾದ ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಹತ್ತಿರದಲ್ಲಿ ಬೇರೆ ಕಡೆಯೂ ಆಗುತ್ತದೆ. ಕಿವಿಗೆ ಹಾಕುವ ಯಂತ್ರ ಬೇಕು ಅಂದರೆ ಹಾಕಿಸಿ, ದಿನಾ ಹಾಕಲಿ. ಪೆಟ್ಟಿಗೆಯಲ್ಲಿಟ್ಟು ಹಬ್ಬಕ್ಕೆ ಮಾತ್ರ ತೆಗೆದರೆ ಮಿದುಳಿಗೆ ಆ ಹೊಸ ದನಿ ಅಭ್ಯಾಸವಾಗುವುದಿಲ್ಲ. ಫೋನಲ್ಲಿ ಮಾತಾಡುವವರಿಗೆ ಎರಡು ಮಾತು ಹೇಳಿಕೊಡಿ. ಮೊದಲು ವಿಷಯ ಹೇಳಲಿ, ಆಮೇಲೆ ಅಂಕಿ. ತಾರೀಕಿನ ಜೊತೆ ವಾರವನ್ನೂ ಹೇಳಲಿ. "ಹದಿನೇಳು" ಒಂಟಿಯಾಗಿ ಬಂದರೆ ಜಾರುತ್ತದೆ, "ಹದಿನೇಳು, ಶುಕ್ರವಾರ" ಅಂದರೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಕೊನೆಗೆ ಅಪ್ಪ ತಾವೇ ತಿರುಗಿ ಹೇಳಲಿ. ಜೋರಾಗಿ ಕೂಗುವುದರಿಂದ ಸ್ವರ ದೊಡ್ಡದಾಗುತ್ತದೆ, ಅವರಿಗೆ ಬೇಕಾದ ವ್ಯಂಜನ ಸ್ಪಷ್ಟವಾಗುವುದಿಲ್ಲ.

ಅಡಿಕೆತೋಟ

ಎಲ್ಲರಿಗೂ ಕೈಮುಗಿಯುತ್ತೇನೆ. ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಮೇಡಂ ಬರೆದದ್ದನ್ನು ಅಪ್ಪನ ಪಕ್ಕ ಕೂತು ಓದಿ ಹೇಳಿದೆ. "ನಿಂಗೆ ಕೇಳಿಸಿದ್ದು ಹದಿನೆಂಟೇ ಅಂತೆ ಅಪ್ಪ, ನಾನು ಸುಮ್ನೆ ಬೈದೆ" ಅಂದೆ. ಅವರು ಅದಕ್ಕೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ಆ ಎಂಟು ತಿಂಗಳ ಮಕ್ಕಳದ್ದು ಇನ್ನೊಂದ್ಸಲ ಓದು" ಅಂದರು.

ನಿನ್ನೆ ಅತ್ತೆ ಮತ್ತೆ ಫೋನ್ ಮಾಡಿದರು. ನಾನು ಮೊದಲೇ ಹೇಳಿಟ್ಟಿದ್ದೆ. "ಅಣ್ಣಾ, ಅಡಿಕೆ ಸುಲಿಯೋರು ಬರೋ ತಾರೀಕು ಹೇಳ್ತೀನಿ. ಇಪ್ಪತ್ನಾಲ್ಕು, ಗುರುವಾರ." ಅಪ್ಪ "ಇಪ್ಪತ್ಮೂರು, ಗುರುವಾರ?" ಅಂದರು. ಅಂದವರು ತಾವೇ ಕ್ಯಾಲೆಂಡರ್ ಕಡೆ ತಿರುಗಿ, "ತಡಿ, ಇಪ್ಪತ್ಮೂರು ಬುಧವಾರ. ಇಪ್ಪತ್ನಾಲ್ಕಾ?" ಅಂತ ಕೇಳಿದರು. ಅತ್ತೆ "ಹೂಂ ಅಣ್ಣ" ಅಂದರು. ಅಪ್ಪ ಪೆನ್ನು ತಗೊಂಡು ಸುತ್ತು ಹಾಕಿದರು.

ಪರೀಕ್ಷೆಗೆ ಸೋಮವಾರ ಹೋಗುತ್ತಿದ್ದೇವೆ. ಆ ಕಾಲ್ ರೆಕಾರ್ಡ್ ಜೊತೆಗೆ ತಗೊಂಡು ಹೋಗಲಾ ಮೇಡಂ?

ಶ್ರವಣಮಿತ್ರ

ರೆಕಾರ್ಡ್ ಬೇಡ. ಅಪ್ಪನಿಗೆ ಯಾವ ಯಾವ ಪದ ತಪ್ಪಿ ಕೇಳಿಸಿತು, ಏನು ಅಂತ ಕೇಳಿಸಿತು, ಫೋನಲ್ಲೋ ಎದುರಲ್ಲೋ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಬರೆಯುವಾಗ ಅವರನ್ನೇ ಕೂರಿಸಿಕೊಂಡು ಬರೆಯಿರಿ.